ಪಿಎಸ್ 5 ಕೊಡಗಿನಲ್ಲಿ ಯಾರಿಗಾದರೂ ಎಂಆರ್‌ಪಿಗೆ ಸಿಕ್ಕಿದೆಯಾ?

ಸುಂಟಿಕೊಪ್ಪದ ಅಕ್ಕ (ಫೆಬ್ರವರಿ 2022)

ನಮಸ್ಕಾರ. ನಾನು ಗೇಮ್ ಆಡುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಹಾಕಿ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಮೈಸೂರಿನಲ್ಲಿ ಆಪರೇಷನ್ ಆಗಿ ಈಗ ಮನೆಯಲ್ಲಿದ್ದಾನೆ. ಮಳೆಗಾಲ ಮುಗಿಯುವವರೆಗೆ ಸ್ಟಿಕ್ ಮುಟ್ಟಬಾರದು ಅಂದಿದ್ದಾರೆ ಡಾಕ್ಟರ್. ಹಾಗಾಗಿ ಬೆಳಗಾದರೆ ಕಣದ ಪಕ್ಕ ಕುರ್ಚಿ ಹಾಕಿಕೊಂಡು, ರೋಬಸ್ಟಾ ಒಣಗಿಸುವವರಿಗೆ ಬುದ್ಧಿ ಹೇಳುತ್ತಾ ಕೂರುತ್ತಾನೆ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಮೊನ್ನೆ ಬಂದು "ಅಕ್ಕ, ಅವರನ್ನ ಸ್ವಲ್ಪ ಒಳಗೆ ಕರ್ಕೊಳ್ಳಿ" ಅಂದರು. ಈ ಸಲದ ಕರಿಮೆಣಸಿನ ದುಡ್ಡಲ್ಲಿ ಪಿಎಸ್ 5 (ಟಿವಿಗೆ ಹಾಕಿ ಗೇಮ್ ಆಡುವ ಸೋನಿಯ ಕನ್ಸೋಲ್) ಕೊಡಿಸುತ್ತೇನೆ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.

ಆದರೆ ಸಾಮಾನು ಎಲ್ಲಿದೆ? ಮಡಿಕೇರಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ "ಟಿವಿ ಇದೆ, ತೋರಿಸ್ಲಾ?" ಅಂದರು. ಮೈಸೂರಿನ ಒಂದು ಅಂಗಡಿಯಲ್ಲಿ ಬಂದಾಗ ಫೋನ್ ಮಾಡುತ್ತೇವೆ, ಆದರೆ ಇನ್ನೊಂದು ಕಂಟ್ರೋಲರ್, ಕ್ಯಾಮೆರಾ, ಎರಡು ಗೇಮ್ ಎಲ್ಲ ಸೇರಿಸಿಯೇ ಕೊಡೋದು ಅಂದರು.

ಆನ್‌ಲೈನ್ ಕಥೆ ಬೇರೆಯೇ ಇದೆ. ಮಧ್ಯಾಹ್ನ 12ಕ್ಕೆ ಬಿಡುತ್ತಾರೆ. ನಮ್ಮ ವೈಫೈ ಇರುವುದು ಮನೆಯೊಳಗೆ. ಮೊಬೈಲ್ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ, ಹಲಸಿನ ಮರದ ಕೆಳಗೆ. ಅಂದರೆ ಆರ್ಡರ್ ಹಾಕುವವಳು ಒಳಗೆ, ಓಟಿಪಿ ಬರುವ ಫೋನ್ ಹೊರಗೆ. ರೈಟರ್ ಮಗ ಗೇಟಿನಿಂದ ನಂಬರ್ ಕೂಗಿ ಹೇಳಿದ, ನಾನು ಒತ್ತಿದೆ, ಅಷ್ಟರಲ್ಲಿ ಸ್ಟಾಕ್ ಖಾಲಿ. ಇನ್ನೊಂದು ವೆಬ್‌ಸೈಟ್ ನಮ್ಮ ಪಿನ್‌ಕೋಡ್ ಹಾಕಿದ ಕೂಡಲೇ ಇಲ್ಲಿಗೆ ತಲುಪಿಸುವುದಿಲ್ಲ ಅಂದಿತು. ಸೀರೆ ತಲುಪಿಸುತ್ತಾರೆ, ಮಿಕ್ಸಿ ತಲುಪಿಸುತ್ತಾರೆ, ಇದಕ್ಕೇನು ರೋಗ?

ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಬೆಂಗಳೂರಿನ ಒಬ್ಬ ಸೀಲ್ ಒಡೆಯದ್ದು ಇದೆ, 70,000 ಕೊಡಿ ಅಂತಿದ್ದಾನೆ. ಪೆಟ್ಟಿಗೆ ಮೇಲಿನ ಬೆಲೆ 49,990. ಮಿಕ್ಕಿದ್ದು ಯಾವ ಸೇವೆಗೆ ಅಂತ ಕೇಳಿದೆ. ಬ್ಲಾಕ್ ಮಾಡಿದ.

ನನ್ನ ಪ್ರಶ್ನೆ: ಭಾರತಕ್ಕೆ ಬಂದು ವರ್ಷ ದಾಟಿದರೂ ಯಾಕೆ ಹೀಗೆ? ಡಿಸ್ಕ್ ಇಲ್ಲದ್ದು 39,990ಕ್ಕೆ ಇದೆಯಂತೆ, ಅದು ಸಾಕಾ? ದುಬೈಯಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಅವನ ಕೈಲಿ ತರಿಸಲಾ?

ಕುಶಾಲನಗರ ಅಂಗಡಿಯವ

ಅಕ್ಕ, ನಾನು ಮೊಬೈಲ್ ಅಂಗಡಿ ಇಟ್ಟಿದ್ದೇನೆ. ಹಳೆ ಪಿಎಸ್ 4 ಡಿಸ್ಕ್ ಕೊಂಡು ಮಾರುವುದೂ ಇದೆ. ನಮ್ಮಂಥ ಸಣ್ಣ ಅಂಗಡಿಗೆ ಪಿಎಸ್ 5 ಬರುವುದೇ ಇಲ್ಲ. ಬರುವ ಸ್ವಲ್ಪ ಮಾಲು ದೊಡ್ಡ ಊರಿನ ದೊಡ್ಡ ಅಂಗಡಿಗೆ ಹೋಗುತ್ತದೆ. ದಿನಾ ಯಾರಾದರೂ ಬಂದು ಕೇಳುತ್ತಾರೆ, ನಾನು ದಿನಾ ಇಲ್ಲ ಅಂತೀನಿ.

70,000 ಕೊಡಬೇಡಿ. ಬಿಲ್ ಇಲ್ಲದೆ ತೆಗೆದುಕೊಂಡರೆ ನಾಳೆ ಫ್ಯಾನ್ ಸದ್ದು ಮಾಡಿದರೂ ಕೇಳುವವರಿಲ್ಲ. ಅಂಗಡಿಯವರು ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ಅದು ಕಾನೂನು ಪ್ರಕಾರ ತಪ್ಪು, ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡಬಹುದು. ಅದಕ್ಕೇ ಅವರು ಬೆಲೆ ಏರಿಸುವುದಿಲ್ಲ, ಜೊತೆಗೆ ನಾಲ್ಕು ಸಾಮಾನು ಕಟ್ಟುತ್ತಾರೆ. ಕನ್ಸೋಲ್‌ನಲ್ಲಿ ಮಾತ್ರ ನಮಗೆ ಹುಟ್ಟುವುದು ಕಡಿಮೆ, ಇದು ನಿಜ. ಗೇಮ್, ಕಂಟ್ರೋಲರ್‌ನಲ್ಲಿ ನಾಲ್ಕು ಕಾಸು.

ಚೌಕಾಸಿ ಮಾಡಿ. ಕಂಟ್ರೋಲರ್ ಬಿಡಿಯಾಗಿ ಕೊಂಡರೂ 5,990. ತಮ್ಮನ ಗೆಳೆಯರು ಬಂದರೆ ಎರಡನೆಯದು ಬೇಕೇ ಬೇಕು, ಅದನ್ನು ಒಪ್ಪಿಕೊಳ್ಳಿ. ಕ್ಯಾಮೆರಾ ಬೇಡ ಅನ್ನಿ. ಗೇಮ್ ನಾವೇ ಆರಿಸುತ್ತೇವೆ ಅನ್ನಿ. ಮುಂಗಡ ಕೊಟ್ಟರೆ ರಸೀದಿಯಲ್ಲಿ ಮಾಡೆಲ್, ಬೆಲೆ, ಜೊತೆಗೆ ಕೊಡುವ ಸಾಮಾನು ಎಲ್ಲ ಬರೆಸಿಕೊಳ್ಳಿ. ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳಿ. ಹತ್ತು ಸಾವಿರ ಉಳಿಯುತ್ತೆ ಅಂತ ಡಿಜಿಟಲ್ ತೆಗೆದುಕೊಂಡರೆ ಎಲ್ಲ ಗೇಮೂ ನೆಟ್‌ನಲ್ಲೇ ಇಳಿಸಬೇಕು. ದೊಡ್ಡ ಗೇಮ್ ಒಂದೊಂದು 50 ಜಿಬಿ ದಾಟುತ್ತದೆ. ಜುಲೈನಲ್ಲಿ ಮರ ಬಿದ್ದು ಕೇಬಲ್ ಹೋದರೆ ನಿಮ್ಮ ಕಡೆ ಎಷ್ಟು ದಿನಕ್ಕೆ ಸರಿಮಾಡುತ್ತಾರೆ ಅಂತ ನಿಮಗೇ ಗೊತ್ತಲ್ವಾ? ಡಿಸ್ಕ್ ಹಾಕಿದರೂ ಅಪ್‌ಡೇಟ್ ಇಳಿಸಬೇಕಾಗಬಹುದು, ಆದರೂ ಅದು ವಾಸಿ. ಪಿಎಸ್ 4ರ ಹಳೆ ಡಿಸ್ಕ್‌ಗಳೂ ಹೆಚ್ಚುಕಡಿಮೆ ಎಲ್ಲ ಓಡುತ್ತವೆ. ಆಡಿ ಬೇಜಾರಾದರೆ ನನಗೇ ಮಾರಬಹುದು.

ಹಳ್ಳಿಗಟ್ಟು ಮಾವ

ಆ ದುಡ್ಡಿಗೆ ಒಂದು ಒಳ್ಳೆ ಕಳೆ ಕತ್ತರಿಸುವ ಮೆಷಿನ್ ಬರುತ್ತದೆ. ನಮ್ಮ ಕಾಲದಲ್ಲಿ ಕಾಲು ಮುರಿದರೆ ರೇಡಿಯೋ ಕೇಳುತ್ತಿದ್ದೆವು.

ಸುಂಟಿಕೊಪ್ಪದ ಅಕ್ಕ

ಮಾವ, ಕಳೆ ಮೆಷಿನ್ ಇದೆ. ಅದನ್ನೂ ಹೇಗೆ ಹಿಡಿಯಬೇಕು ಅಂತ ಅವನು ಕುರ್ಚಿಯಿಂದಲೇ ಹೇಳಿಕೊಡುತ್ತಿದ್ದಾನೆ.

ಬೆಂಗಳೂರು ಸೇರಿದ ಸೋಮವಾರಪೇಟೆ ಹುಡುಗ

ಯಾಕೆ ಹೀಗೆ ಅಂತ ಕೇಳಿದಿರಿ. ನಾನು ಚಿಪ್ ಕಂಪನಿಯಲ್ಲಿದ್ದೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಪಿಎಸ್ 5ರ ಮುಖ್ಯ ಚಿಪ್ ಅಮೆರಿಕದ ಎಎಂಡಿ ಕಂಪನಿಯದು. ಅದನ್ನು ತಯಾರಿಸುವುದು ತೈವಾನ್‌ನ ಟಿಎಸ್‌ಎಂಸಿ ಕಂಪನಿ. ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್‌ನ ಹೊಸ ಮಾಡೆಲ್‌ಗಳು, ಎಎಂಡಿಯ ಕಂಪ್ಯೂಟರ್ ಚಿಪ್‌ಗಳು, ಎಲ್ಲ ಅದೇ ಕಾರ್ಖಾನೆಯ ಸಾಲಿನಲ್ಲಿ ನಿಂತಿವೆ. ಲಾಕ್‌ಡೌನ್‌ನಲ್ಲಿ ಎಲ್ಲರೂ ಒಟ್ಟಿಗೆ ಲ್ಯಾಪ್‌ಟಾಪ್ ಕೇಳಿದರು, ಗೇಮ್ ಕೇಳಿದರು. ಹೊಸ ಚಿಪ್ ಕಾರ್ಖಾನೆ ಕಟ್ಟಲು ವರ್ಷಗಳೇ ಬೇಕು. 2021ರಲ್ಲಿ ತೈವಾನ್‌ಗೆ ದೊಡ್ಡ ಬರ ಬಂತು, ಚಿಪ್ ತೊಳೆಯಲು ಟ್ಯಾಂಕರ್ ನೀರು ತರಿಸಿದರು. ಅದೇ ಮಾರ್ಚ್‌ನಲ್ಲಿ ಜಪಾನ್‌ನ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು, ಅದು ಮುಖ್ಯವಾಗಿ ಕಾರುಗಳ ಚಿಪ್. ಮಹೀಂದ್ರದ ಎಕ್ಸ್‌ಯುವಿ 700 ಕಾರು ಬುಕ್ ಮಾಡಿ ಕಾಯುತ್ತಿರುವವರು ನಮ್ಮೂರಲ್ಲೂ ಇದ್ದಾರೆ, ಅವರ ತಲೆನೋವಿನ ಮೂಲವೂ ಚಿಪ್ಪೇ.

ತೋಟದವರಿಗೆ ಇದು ಹೊಸದೇನಲ್ಲ. ಕಳೆದ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಬಿತ್ತು, ಇಲ್ಲಿ ಅರೇಬಿಕಾ ಬೆಲೆ ಏರಿತು. ಆಗ ನಾವು ಮಾರುವ ಕಡೆ ಇದ್ದೆವು, ಈಗ ಕೊಳ್ಳುವ ಕಡೆ ಇದ್ದೇವೆ. ಕಾಫಿ ರಫ್ತು ಮಾಡುವವರು ಕಂಟೇನರ್ ಸಿಗುತ್ತಿಲ್ಲ, ಬಾಡಿಗೆ ಜಾಸ್ತಿ ಅಂತ ಗೋಳಾಡುತ್ತಿದ್ದರಲ್ಲ, ಆ ಹಡಗಿನ ತೊಂದರೆ ಸೋನಿಗೂ ಇದೆ.

ಸೋನಿ ಈ ಹಣಕಾಸು ವರ್ಷಕ್ಕೆ 1 ಕೋಟಿ 48 ಲಕ್ಷ ಪಿಎಸ್ 5 ಮಾರುವ ಗುರಿ ಇಟ್ಟಿತ್ತು. ಈ ತಿಂಗಳು ಅದನ್ನು 1 ಕೋಟಿ 15 ಲಕ್ಷಕ್ಕೆ ಇಳಿಸಿದೆ. ಅಂದರೆ ಅವರೇ ಕೈಚೆಲ್ಲಿದ್ದಾರೆ. ಅಮೆರಿಕ, ಜಪಾನ್‌ಗೆ 2020ರ ನವೆಂಬರ್ 12ಕ್ಕೆ ಬಂದದ್ದು ನಮಗೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಸಾಲಿನಲ್ಲಿ ನಾವು ಎಲ್ಲಿದ್ದೇವೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಮಾರ್ಚ್ ಒಳಗೆ ಎಲ್ಲ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅವಸರ ಇದ್ದರೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನೋಡಬಹುದು, 34,990. ಸಿಗುವುದೂ ಸ್ವಲ್ಪ ಸುಲಭ. ಆದರೆ ಅದರಲ್ಲೂ ಡಿಸ್ಕ್ ಹಾಕುವ ಜಾಗ ಇಲ್ಲ, ಅಣ್ಣ ಮೇಲೆ ಹೇಳಿದ ಕೇಬಲ್ ಕಥೆಯೇ.

ಗೋಣಿಕೊಪ್ಪ ಟು ಶಾರ್ಜಾ

ದುಬೈಯಿಂದ ತರಿಸುವ ಮೊದಲು ಒಂದಿಷ್ಟು ಯೋಚಿಸಿ. ಇಲ್ಲೂ ಅಂಗಡಿಯಲ್ಲಿ ಸುಮ್ನೆ ಜೋಡಿಸಿಟ್ಟಿರುವುದಿಲ್ಲ. ಈಗ 2022ರ ನಿಯಮದಂತೆ ವಿಮಾನದಲ್ಲಿ ತರುವಾಗ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇಲ್ಲ. ಅದಕ್ಕಿಂತ ಮೇಲಿನ ಬೆಲೆಗೆ ಶೇ 38.5 ಕಟ್ಟಬೇಕು. ಆ 50,000ದಲ್ಲಿ ಚಿಕ್ಕಮ್ಮನಿಗೆ ತರುವ ಸಾಮಾನು, ಸೆಂಟು, ಎಲ್ಲ ಸೇರುತ್ತದೆ. ಬಿಲ್ ಜೊತೆಗಿರಲಿ. ಪೆಟ್ಟಿಗೆ ದೊಡ್ಡದು, ಮೆಷಿನ್ ಒಂದೇ ನಾಲ್ಕೂವರೆ ಕೆಜಿ. ಲಗೇಜ್‌ನಲ್ಲಿ ಹಾಕಿದರೆ ಎಸೆಯುತ್ತಾರೆ ಅಂತ ಭಯ, ಕೈಯಲ್ಲಿ ಹಿಡಿದರೆ ಬೇರೇನೂ ತರುವ ಹಾಗಿಲ್ಲ.

ಗೇಮ್ ಡಿಸ್ಕ್ ಅಲ್ಲಿದೂ ಇಲ್ಲಿದೂ ಓಡುತ್ತದೆ. ಬ್ಲೂ-ರೇ ಸಿನಿಮಾ ಡಿಸ್ಕ್‌ಗೆ ಮಾತ್ರ ರೀಜನ್ ಬೇರೆ, ಇಲ್ಲಿಯ ಮೆಷಿನ್‌ನಲ್ಲಿ ನಮ್ಮೂರಿನದು ಓಡದಿರಬಹುದು. ಪ್ಲಗ್ ಬೇರೆ ಬರುತ್ತದೆ, ಅದು ತಲೆನೋವಲ್ಲ. ಹಳೆ ಟೇಪ್ ರೆಕಾರ್ಡರ್‌ಗೆ ಬರುತ್ತಿತ್ತಲ್ಲ, ಇಂಗ್ಲಿಷ್ 8ರ ಆಕಾರದ ವೈರ್, ಅದೇ ಸಾಕು. ಆದರೆ ವಾರಂಟಿ ಭಾರತದಲ್ಲಿ ನಡೆಯಲ್ಲ. ನಾನಾದರೆ ಮೈಸೂರಿನದನ್ನೇ ಕಾಯುತ್ತಿದ್ದೆ.

ಸುಂಟಿಕೊಪ್ಪದ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಓದಿ ಹೇಳಿದೆ. ತೈವಾನ್ ಬರದ ಕಥೆ ಅವನಿಗೆ ಮೊದಲೇ ಗೊತ್ತಿತ್ತಂತೆ, ನನಗೆ ಹೇಳಲಿಲ್ಲ ಅಷ್ಟೇ.

ಮೈಸೂರಿನ ಅಂಗಡಿಗೆ ಫೋನ್ ಮಾಡಿ ಕಂಟ್ರೋಲರ್ ಸರಿ, ಕ್ಯಾಮೆರಾ ಬೇಡ, ಗೇಮ್ ಒಂದೇ, ಅದೂ ಫಿಫಾ 22 ಅಂದೆ. ಸ್ವಲ್ಪ ಗೊಣಗಿ ಒಪ್ಪಿದರು. ಕಾಲು ತೋರಿಸಲು ಹೇಗೂ ಹೋಗಬೇಕು, ಆಗ ಮುಂಗಡ ಕೊಟ್ಟು ರಸೀದಿ ಬರೆಸುತ್ತೇನೆ. ಆನ್‌ಲೈನ್ ಸಾಕು. ಗೇಟಿಗೂ ಮನೆಗೂ ಕೂಗಾಡಿ ಇಡೀ ಕೂಲಿಯವರ ಲೈನ್ ಮನೆಗಳಿಗೆ ನಮ್ಮ ಓಟಿಪಿ ಗೊತ್ತಾಗಿದೆ.

ಇನ್ನೊಂದು ಸಂಶಯ. ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಮನೆಯ ಇನ್ವರ್ಟರ್‌ಗೆ ಹಾಕಬಹುದಾ?

ಕುಶಾಲನಗರ ಅಂಗಡಿಯವ

ಸೈನ್ ವೇವ್ ಇನ್ವರ್ಟರ್ ಆದರೆ ಹಾಕಿ. ಹಳೆ ಸ್ಕ್ವೇರ್ ವೇವ್ ಆದರೆ ಬೇಡ. ಪಿಎಸ್ 5 ಹೆಚ್ಚೆಂದರೆ 350 ವ್ಯಾಟ್ ಎಳೆಯುತ್ತದೆ, ಟಿವಿ ಲೆಕ್ಕ ಬೇರೆ. ಆಡುವಾಗ ಫ್ರಿಜ್ ಅದೇ ಲೈನಿನಲ್ಲಿ ಇರಬಾರದು. ಸಿಡಿಲು ಬಂದಾಗ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ನೆಟ್‌ಗೆ ಕೇಬಲ್ ಹಾಕಿದ್ದರೆ ಅದನ್ನೂ ಕೀಳಿ.

ಮತ್ತೆ, ಬಿಲ್ ನಿಮ್ಮ ಹೆಸರಿಗೇ ಮಾಡಿಸಿ ಅಕ್ಕ. ತಮ್ಮನ ಹೆಸರಿಗೆ ಬೇಡ.