ಯೌವನಸ್ಥರು ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುವುದನ್ನು ಹೇಗೆ ಕಲಿಸಬೇಕು?

ಪ್ರಶ್ನೆ (ಮಲಾಡ್, ಮುಂಬಯಿ)

ನಮ್ಮ ಕನ್ನಡ ಕ್ರೈಸ್ತ ಸಭೆಯ ಯೌವನಸ್ಥರ ಕೂಟವನ್ನು ನಾನು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಲೋಕಲ್ ರೈಲಿನಲ್ಲಿ ಹಿಂದಿ, ಮರಾಠಿ ಆಡುವ ಈ ಮಕ್ಕಳಿಗೆ ಮಾತಿನ ಬಡತನವಿಲ್ಲ. ಆದರೂ ಪ್ರಾರ್ಥಿಸಿರಿ ಎಂದೊಡನೆ ಹಿರಿಯರಿಂದ ಕೇಳಿದ 'ಸರ್ವಶಕ್ತನಾದ ಕರ್ತನೇ' ಎಂಬಲ್ಲಿಂದ ಹೊರಟು, ತಮ್ಮ ಬದುಕಿನ ಒಂದು ಸಂಗತಿಯನ್ನೂ ಹೇಳದೆ 'ಆಮೆನ್' ತಲುಪಿಬಿಡುತ್ತಾರೆ. ಕೂಟ ಮುಗಿದ ಮೇಲೆ ಅವರೇ ಪರೀಕ್ಷೆಯ ಭಯವನ್ನೋ ಮನೆಯ ಜಗಳವನ್ನೋ ನನ್ನಲ್ಲಿ ಸರಾಗವಾಗಿ ತೋಡಿಕೊಳ್ಳುತ್ತಾರೆ. ನನಗೆ ಹೇಳುವುದನ್ನು ದೇವರಿಗೂ ಹೇಳುವಂತೆ ಮಾಡುವುದು ಹೇಗೆ?

ಉತ್ತರ 1 (ಪುಣೆ)

ಅಕ್ಕನವರೇ, ಹೊಸ ಪದಗಳನ್ನು ಕಲಿಸಲು ಹೋಗಬೇಡಿ. ಯಾವ ಮಾತನ್ನೆಲ್ಲ ದೇವರ ಮುಂದೆ ಆಡಬಹುದೆಂಬುದನ್ನು ಮೊದಲು ತೋರಿಸಿ. ಅದಕ್ಕೆ ಸತ್ಯವೇದದ (ಬೈಬಲಿನ) 13ನೆಯ ಕೀರ್ತನೆ ಸಾಕು. ಆರೇ ವಚನಗಳ ಆ ಪ್ರಾರ್ಥನೆಯ ಮೊದಲೆರಡು ವಚನಗಳಲ್ಲಿ 'ಎಷ್ಟರ ವರೆಗೆ' ಎಂಬ ದೂರು ನಾಲ್ಕು ಸಲ ಬರುತ್ತದೆ, ಮುಂದಿನೆರಡರಲ್ಲಿ ಬೇಡಿಕೆಯಿದೆ, ಕೊನೆಯಲ್ಲಿ ಭರವಸೆಯಿದೆ. ಇದನ್ನು ಓದಿಸಿ, ತಮ್ಮ ದೂರನ್ನೂ ಬೇಡಿಕೆಯನ್ನೂ ಒಂದೊಂದು ವಾಕ್ಯದಲ್ಲಿ ಬರೆಯಲು ಹೇಳಿ. ಬರೆದದ್ದನ್ನು ಎಲ್ಲರೆದುರು ಓದಬೇಕೆಂಬ ಒತ್ತಾಯ ಬೇಡ. ಭರವಸೆಯ ಸಾಲು ಹುಟ್ಟದಿದ್ದರೆ ಬಲವಂತವಾಗಿ ಸೇರಿಸಬೇಡಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ.

ದೇವರನ್ನು ಸಲಿಗೆಯಿಂದ ಕರೆಯುವುದಕ್ಕೆ ನಮ್ಮ ಊರುಗಳಿಗೆ ಹತ್ತಿರದ ದೃಷ್ಟಾಂತವೊಂದಿದೆ. 1895ರಲ್ಲಿ ಕ್ರೈಸ್ತರಾದ ಮರಾಠಿ ಕವಿ ನಾರಾಯಣ ವಾಮನ ತಿಲಕರು, ವಾರಕರಿ ಸಂತರು ವಿಠ್ಠಲನನ್ನು ತಾಯಿಯೆಂದು ಕರೆದ ಹಾಗೆಯೇ ಕ್ರಿಸ್ತನನ್ನು ತಾಯಿ, ಗುರು ಎಂದು ಕರೆದು ಅಭಂಗ, ಭಜನೆಗಳನ್ನು ರಚಿಸಿದರು. ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಮಕ್ಕಳಿಗೆ ಆ ಸಲಿಗೆ ಬೇಗ ಅರ್ಥವಾಗುತ್ತದೆ.

ಉತ್ತರ 2 (ಮಡಗಾಂವ್, ಗೋವಾ)

ಮೇಲಿನ ಸಲಹೆ ಒಳ್ಳೆಯದು, ಆದರೆ ಕಲಿತ ಪ್ರಾರ್ಥನೆಯನ್ನು ಬರೀ ಬಾಯಿಪಾಠವೆಂದು ತಳ್ಳುವ ಧ್ವನಿ ಈ ಚರ್ಚೆಯಲ್ಲಿ ಬರಬಾರದು. ಪ್ರಾರ್ಥಿಸುವುದನ್ನು ಕಲಿಸೆಂದು ಶಿಷ್ಯರು ಕೇಳಿದಾಗ, ಲೂಕನು ತನ್ನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಬರೆದಿರುವಂತೆ, ಯೇಸು ಕೊಟ್ಟದ್ದು ಹೇಳಿಕೊಡಬಹುದಾದ ಒಂದು ಪ್ರಾರ್ಥನೆಯನ್ನೇ. ಅದರಲ್ಲಿ ಅನುದಿನದ ಆಹಾರವೂ ಕ್ಷಮೆಯೂ ಇವೆ. ಇವು ನಿತ್ಯದ ಸಂಗತಿಗಳಲ್ಲವೇ? ಒಂದೊಂದು ಬೇಡಿಕೆಯ ಬಳಿಕ ಸ್ವಲ್ಪ ನಿಲ್ಲಿಸಿ, ಆಹಾರವೆಂದಾಗ ಕೆಲಸ ಕಳೆದುಕೊಂಡ ತಂದೆಯನ್ನೂ ಕ್ಷಮೆಯೆಂದಾಗ ಮಾತು ಬಿಟ್ಟ ಗೆಳತಿಯನ್ನೂ ಮಕ್ಕಳು ಮನಸ್ಸಿನಲ್ಲೇ ನೆನೆಯಲಿ. 'ತಂದೆಯೇ' ಎಂದ ಉಸಿರಿನಲ್ಲೇ ಆತನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ ಎನ್ನುವುದರಿಂದ, ಸಲಿಗೆಯು ಉಡಾಫೆಯಾಗದಂತೆ ಆ ಪ್ರಾರ್ಥನೆಯೇ ಕಾಯುತ್ತದೆ.

ಉತ್ತರ 3 (ಡೊಂಬಿವಲಿ)

ಮಕ್ಕಳು ಬಾಯಿ ಬಿಡದಿರುವುದಕ್ಕೆ ಭಾಷೆಗಿಂತ ದೊಡ್ಡ ಕಾರಣ ನಾವು ಹಿರಿಯರು. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಹನ್ನಳು ದುಃಖದಿಂದ ತುಟಿಯಲ್ಲೇ ಪ್ರಾರ್ಥಿಸುತ್ತಿರುವಾಗ ಯಾಜಕನಾದ ಏಲಿಯು ಆಕೆ ಕುಡಿದಿದ್ದಾಳೆಂದು ಗದರಿಸುತ್ತಾನೆ. ಹುಡುಗನೊಬ್ಬ ಅರ್ಧ ಹಿಂದಿಯಲ್ಲಿ ಪ್ರಾರ್ಥಿಸಿದರೆ ಮುಖ ಮುಖ ನೋಡಿಕೊಳ್ಳುವ ನಮ್ಮ ಅಭ್ಯಾಸವೂ ಅದೇ ಜಾತಿಯದು. ಇನ್ನೂ ಕೆಟ್ಟದ್ದೆಂದರೆ, ಶನಿವಾರದ ಕೂಟದಲ್ಲಿ ಮಗಳೊಬ್ಬಳು ಮನೆಯ ಕಷ್ಟವನ್ನು ದೇವರಿಗೆ ಹೇಳಿದರೆ ಭಾನುವಾರದ ಆರಾಧನೆಯ ಹೊತ್ತಿಗೆ ಅದು ಇಡೀ ಸಭೆಗೆ ತಿಳಿದಿರುತ್ತದೆ. ಇಂಥಲ್ಲಿ 'ಸರ್ವಶಕ್ತನಾದ ಕರ್ತನೇ' ಎಂಬ ಸಾಲೇ ಅವರಿಗೆ ಸುರಕ್ಷಿತವಾದ ಆಸರೆ. ಕೂಟದಲ್ಲಿ ಕೇಳಿದ್ದು ಹೊರಗೆ ಹೋಗಬಾರದೆಂಬುದನ್ನು ಮೊದಲು ಹಿರಿಯರಿಗೆ ಕಲಿಸಿ, ಆಮೇಲೆ ಅವರೇ ಮಕ್ಕಳೆದುರು ತಮ್ಮ ಇಎಂಐ ಚಿಂತೆಯನ್ನೂ ಸಿಟ್ಟನ್ನೂ ಸರಳವಾಗಿ ದೇವರಿಗೆ ಒಪ್ಪಿಸಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. 13ನೆಯ ಕೀರ್ತನೆಯಿಂದ ತೊಡಗುತ್ತೇನೆ. ಡೊಂಬಿವಲಿಯವರ ಮಾತನ್ನು ಮಾತ್ರ ಮಕ್ಕಳ ಕೂಟಕ್ಕಿಂತ ಮೊದಲು ಸಭಾಪಾಲಕರ ಬಳಿಗೆ ಒಯ್ಯಬೇಕಾಗಿದೆ.