ನಾಯಿ ತರಬೇತಿ ಫ್ರಾಂಚೈಸಿ: ಸಹಿ ಹಾಕೋ ಮುಂಚೆ ಏನು ನೋಡಬೇಕು?

ಪ್ರಶ್ನೆ: ಆಫೀಸ್ ಕೆಲಸ ಬಿಟ್ಟು ನಾಯಿ ತರಬೇತಿ ಫ್ರಾಂಚೈಸಿ (ಒಂದು ಕಂಪನಿಯ ಹೆಸರು, ಪದ್ಧತಿ ಬಳಸಿ ನಾವೇ ನಡೆಸೋ ವ್ಯಾಪಾರ) ತಗೊಳ್ಳೋ ಯೋಚನೆ ಇದೆ. ರಾಯಲ್ಟಿ (ಕಂಪನಿಗೆ ಕಟ್ಟೋ ಪಾಲು) ಶೇ. 8, ಜಾಹೀರಾತು ನಿಧಿಗೆ ಶೇ. 2, ಎರಡು ವಾರ ತರಬೇತಿ ಕೊಡ್ತಾರಂತೆ. ಸಾಕಾ?

ಉತ್ತರ 1: ರಾಯಲ್ಟಿ ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. 100 ಬಂದು 75 ಖರ್ಚಾದರೆ ಉಳಿಯೋದು 25. ಅದರಲ್ಲಿ ರಾಯಲ್ಟಿ 8, ಜಾಹೀರಾತು 2 ಸೇರಿ 10 ಕಂಪನಿಗೆ, ಅಂದರೆ ಲಾಭದ ಶೇ. 40. ಕನಿಷ್ಠ ಮಾಸಿಕ ಶುಲ್ಕದ ಷರತ್ತಿದ್ದರೆ ಗಿರಾಕಿಯೇ ಇಲ್ಲದ ತಿಂಗಳೂ ಕಟ್ಟಬೇಕು. ನಿಮ್ಮ ಪ್ರದೇಶದಲ್ಲಿ ಇನ್ನೊಬ್ಬರಿಗೆ ಕೊಡಲ್ಲ ಅನ್ನೋದು ಬರಹದಲ್ಲಿರಲಿ, ಬಾಯಿಮಾತು ಬೇಡ.

ಉತ್ತರ 2: ಎರಡು ವಾರದಲ್ಲಿ ಕಂಪನಿಯ ಪಾಠಕ್ರಮ ಬರುತ್ತೆ, ಕೈ ಪಳಗಲ್ಲ. ಕೂರೋದು ಕಲಿಸುವಾಗ ನಾಯಿ ಕೂತ ಕ್ಷಣಕ್ಕೇ ಕ್ಲಿಕ್ಕರ್ (‘ಸರಿ ಮಾಡಿದೆ, ಬಹುಮಾನ ಬರುತ್ತೆ’ ಅಂತ ನಾಯಿಗೆ ತಿಳಿಸೋ, ಟಿಕ್ ಅನ್ನೋ ಪುಟ್ಟ ಸಾಧನ) ಒತ್ತಬೇಕು. ಒಂದೆರಡು ಸೆಕೆಂಡ್ ತಡವಾದರೆ ಎದ್ದದ್ದಕ್ಕೆ ಬಹುಮಾನ ಸಿಕ್ಕ ಹಾಗಾಗುತ್ತೆ. ಅದಕ್ಕಿಂತ ಕಷ್ಟ ಇದನ್ನು ಮಾಲೀಕರಿಗೆ ಕಲಿಸೋದು. ನಿಜ ಹೇಳಬೇಕಂದ್ರೆ ಇದು ಮನುಷ್ಯರಿಗೆ ಪಾಠ ಹೇಳೋ ಕೆಲಸ! ಇದ್ದಕ್ಕಿದ್ದಂತೆ ಕಚ್ಚೋಕೆ ಶುರು ಮಾಡಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ ಅನ್ನಿ. ಎಷ್ಟೋ ಸಲ ಒಳಗೆ ನೋವಿರುತ್ತೆ. ಕಚ್ಚಿದ ಪ್ರಕರಣಗಳು ವಿಮೆಯಲ್ಲಿ ಸೇರಿವೆಯಾ ನೋಡಿ.

ಉತ್ತರ 3: ಒಪ್ಪಂದ ಮುಗಿದ ಮೇಲೂ ಇಷ್ಟು ವರ್ಷ ಇದೇ ಕಸುಬು ಮಾಡಬಾರದು ಅನ್ನೋ ಷರತ್ತು ಕೊನೆ ಪುಟಗಳಲ್ಲಿ ಅಡಗಿರುತ್ತೆ. ಗಿರಾಕಿಗಳ ಪಟ್ಟಿ, ಫೋನ್ ನಂಬರ್ ಯಾರ ಪಾಲು ಅನ್ನೋದನ್ನೂ ಕೇಳಿ. ಕಂಪನಿ ತೋರಿಸೋ ಯಶಸ್ವಿ ಜನರನ್ನಲ್ಲ, ಬಿಟ್ಟುಹೋದವರನ್ನು ಹುಡುಕಿ ಮಾತಾಡಿಸಿ.