ಬೇಸಿಗೆಯಲ್ಲಿ ಬ್ಯಾಡ್ಮಿಂಟನ್ ಶಟಲ್ ಬೇಗ ಮುರಿಯುತ್ತೆ, ಕೋರ್ಟ್ ದಾಟಿ ಹೋಗುತ್ತೆ: ಏನು ಮಾಡೋದು?

ಪ್ರಶ್ನೆ: ಗರಿಯ ಶಟಲ್ ಒಂದೇ ಗೇಮ್‌ಗೆ ಚಿಂದಿಯಾಗ್ತಿದೆ. ಟಾಸ್ (ಎದುರಾಳಿಯ ಹಿಂಬದಿಗೆ ಎತ್ತರಿಸಿ ಹೊಡೆಯೋದು) ಹೊಡೆದರೆ ಹಿಂದಿನ ಗೆರೆ ದಾಟುತ್ತೆ. ರ‍್ಯಾಕೆಟ್ ತಂತಿಯ ಬಿಗಿ ಕಮ್ಮಿ ಮಾಡಿಸಲಾ?

ಉತ್ತರ 1: ತಂತಿ ಮುಟ್ಟಬೇಡಿ. ಬಿಸಿ ಗಾಳಿಯ ಸಾಂದ್ರತೆ ಕಮ್ಮಿ, ತಡೆಯೂ ಕಮ್ಮಿ, ಅದಕ್ಕೇ ದೂರ ಹೋಗುತ್ತೆ. ಡಬ್ಬಿ ಮೇಲೆ ವೇಗದ ಸಂಖ್ಯೆ 77 ಇದ್ದರೆ, ಅದಕ್ಕಿಂತ ನಿಧಾನದ 76 ಅಥವಾ 75 ತಗೊಳ್ಳಿ. ನೈಲಾನ್ ಆದರೆ ಹಸಿರು ಪಟ್ಟಿಯದು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಪರೀಕ್ಷೆಗೆ ಹಿಂದಿನ ಗೆರೆಯಿಂದ ಕೆಳಗೈಯಲ್ಲಿ ಪೂರ್ತಿ ಬಲ ಹಾಕಿ, ಪಕ್ಕದ ಗೆರೆಗೆ ಸಮಾಂತರವಾಗಿ ಮೇಲಕ್ಕೆ ಹೊಡೆಯಿರಿ. ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬಿದ್ದರೆ ಸರಿ.

ಉತ್ತರ 2: ಮುರಿಯೋದು ಗರಿ ಒಣಗಿರೋದಕ್ಕೆ. ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ಕಡೆಯಿಂದ ಐದಾರು ಸೆಕೆಂಡ್ ಹಬೆ ಹಿಡಿದು, ಮುಚ್ಚಿ ರಾತ್ರಿಯಿಡೀ ಬಿಡಿ. ಜಾಸ್ತಿ ಹಿಡಿದರೆ ಅಂಟು ಸಡಿಲ, ಶಟಲ್ ಭಾರ. ಮತ್ತೆ ಅದೇ ವೇಗದ ಗೋಳು!

ಉತ್ತರ 3: ಬಿಸಿಲಲ್ಲಿ ನಿಂತ ಕಾರಿನೊಳಗೆ ರ‍್ಯಾಕೆಟ್ ಬಿಡಬೇಡಿ, ತಂತಿ ತಾನಾಗೇ ಸಡಿಲವಾಗುತ್ತೆ. ಬಯಲಲ್ಲಿ ಆಡೋದಾದರೆ ನೈಲಾನ್ ಸಾಕು, ಗಾಳಿಗೆ ಗರಿ ಶಟಲ್ ದಂಡ.